ಕೋಟೆಯನ್ನು ಮೊದಲು ಕಡಲ ಕಡೆಯಿಂದ ನೋಡಿ: ಶರತ್ಕಾಲದ ಎರಡು ದಿನಕ್ಕೆ ಬೇಕಲ

ಬೇಕಲಕ್ಕೆ ಬರುವ ಹೆಚ್ಚಿನವರು ಬಿಸಿಲು ನೆತ್ತಿಗೇರಿದ ಹೊತ್ತಿಗೆ ಕಾರಿನಿಂದಿಳಿಯುತ್ತಾರೆ. ಟಿಕೆಟ್ ತೆಗೆದು ಬುರುಜಿನ ಮೇಲೆ ನಿಂತು ಫೋಟೊ ಹೊಡೆದು, ಗಂಟೆಯೊಳಗೆ ಮಂಗಳೂರಿಗೋ ಕಣ್ಣೂರಿಗೋ ಹೊರಟುಬಿಡುತ್ತಾರೆ. ಮಲೆನಾಡಿನ ಇಕ್ಕೇರಿ, ಬಿದನೂರುಗಳಲ್ಲಿ ಕೂತು ಆಳಿದ ಕೆಳದಿಯ ಅರಸರು ಇಷ್ಟು ದೂರ ಬಂದು ಕಡಲಿಗೆ ಚಾಚಿಕೊಂಡ ಈ ಗುಡ್ಡೆಯನ್ನೇ ಯಾಕೆ ಆರಿಸಿಕೊಂಡರು, ಗೋಡೆಯ ತೂತುಗಳು ಒಂದೊಂದು ಎತ್ತರದಲ್ಲಿ ಯಾಕಿವೆ ಎಂದು ಕೇಳಿಕೊಳ್ಳಲು ಅವರಿಗೆ ಪುರುಸೊತ್ತೇ ಆಗುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕನ್ನಡದ ಅರಸರು ಬಿಟ್ಟುಹೋದ ಅತಿ ದೊಡ್ಡ ಗುರುತು ಈ ಕೋಟೆ. ಕನ್ನಡ ಓದುವವರಾದರೂ ಇದನ್ನು ನಿಧಾನವಾಗಿ ನೋಡಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಸಲಹೆ ಇಷ್ಟು. ಶುಕ್ರವಾರ ರಾತ್ರಿ ಹೊರಟು ಶನಿವಾರ, ಭಾನುವಾರ ಎರಡೂ ದಿನ ಇಟ್ಟುಕೊಳ್ಳಿ. ಉತ್ತರದ ಕುಂಬಳೆಯಿಂದ ಶುರುಮಾಡಿ ತೆಂಕಿಗೆ ಇಳಿಯಿರಿ. ಬೇಕಲವನ್ನು ಎರಡು ಸಲ ನೋಡಿ: ಶನಿವಾರ ಸಂಜೆ ಹೊಯಿಗೆಯ (ಮರಳಿನ) ಮೇಲೆ ನಿಂತು ಹೊರಗಿನಿಂದ, ಭಾನುವಾರ ಬೆಳಗ್ಗೆ ಒಳಗಿನಿಂದ. ಈ ಕೋಟೆ ಕಡಲಿನಿಂದ ಬರುವವನಿಗಾಗಿ ಕಟ್ಟಿದ್ದು. ಅವನ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು ಎಂದು ಮೊದಲು ಗೊತ್ತಾದರೆ ಒಳಗಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾವಾಗ ಬರಬೇಕು

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ದೊಡ್ಡ ಮಳೆ ಕಳೆದಿರುತ್ತದೆ, ಕಡಲಿನ ಅಬ್ಬರ ಇಳಿದಿರುತ್ತದೆ, ಕೋಟೆಯೊಳಗಿನ ಹುಲ್ಲು ಇನ್ನೂ ಹಸಿರಾಗಿರುತ್ತದೆ. ಫೆಬ್ರವರಿಯಲ್ಲಿ ಬಂದರೆ ಅದೇ ಹುಲ್ಲು ಒಣಗಿ ಕಂದಾಗಿ, ಮುರಕಲ್ಲಿನ (ಜಂಬಿಟ್ಟಿಗೆಯ) ಕಾವು ಕಾಲಿಗೆ ತಟ್ಟುತ್ತದೆ.

ಆದರೆ ಈ ತಿಂಗಳುಗಳಿಗೆ ತಮ್ಮದೇ ಒಂದು ಮಳೆ ಇದೆ. ತುಲಾ ಮಾಸದ ಮಳೆ ಬೆಳಗ್ಗೆ ಬರುವುದು ಕಡಿಮೆ. ಹನ್ನೆರಡರವರೆಗೆ ಆಕಾಶ ತೊಳೆದಿಟ್ಟ ಹಾಗೆ ಇದ್ದು, ಮೂರು ಗಂಟೆಯ ಮೇಲೆ ಘಟ್ಟದ ಕಡೆ ಮೋಡ ಕಟ್ಟಿ, ಗುಡುಗು ಸಿಡಿಲಿನೊಂದಿಗೆ ಪಡುವಣಕ್ಕೆ ಸರಿದು ಬರುತ್ತದೆ. ಕೋಟೆಯ ಮೇಲಾಗಲಿ ಕಡಲ ತಡಿಯಲ್ಲಾಗಲಿ ಎಲ್ಲರೂ ಪಡುವಣಕ್ಕೆ ಮುಖಮಾಡಿ ನಿಂತಿರುತ್ತಾರೆ. ಮಳೆ ಬರುವುದು ಬೆನ್ನ ಹಿಂದಿನಿಂದ. ಆದ್ದರಿಂದ ಮಧ್ಯಾಹ್ನದ ಮೇಲೆ ಎಲ್ಲಿದ್ದರೂ ಆಗಾಗ ತಿರುಗಿ ಮೂಡಣದ ಕಡೆ ನೋಡಿ. ಗುಡುಗು ಕೇಳಿತೆಂದರೆ ಬುರುಜು, ಬಯಲು, ಹೊಯಿಗೆ ಮೂರನ್ನೂ ಬಿಟ್ಟು ಮಾಡಿನ ಕೆಳಗೆ ಸೇರಿ. ಕೊಡೆ ಬಿಚ್ಚಿ ಬಯಲಲ್ಲಿ ನಿಲ್ಲಬೇಡಿ, ಒಂಟಿ ಮರದ ಬುಡಕ್ಕೂ ಹೋಗಬೇಡಿ. ಇಲ್ಲಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರು ಮೊದಲ ಗುಡುಗಿಗೆ ಏಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನವರಾತ್ರಿ ರಜೆ ಮತ್ತು ದೀಪಾವಳಿಯ ವಾರಾಂತ್ಯ ಬಿಟ್ಟು ಬೇರೆ ವಾರ ಆರಿಸಿಕೊಂಡರೆ ವಸತಿ ಸುಲಭವಾಗಿ ಸಿಗುತ್ತದೆ, ರಸ್ತೆಯೂ ಹಗುರ. ಹೊರಡುವ ಮೊದಲು ಪಂಚಾಂಗವನ್ನೊಮ್ಮೆ ನೋಡಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ (ಕಡಲಿನ ಉಬ್ಬರ) ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ನೀರಿನ ಏರಿಳಿತ ಸಣ್ಣದು. ಮಕ್ಕಳನ್ನು ಕರೆತರುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಬರುವ ದಾರಿ

ಮಂಗಳೂರಿನಿಂದ ಕಾಸರಗೋಡು ಸುಮಾರು 50 ಕಿಲೋಮೀಟರ್. ತಲಪಾಡಿ ದಾಟಿ ಬರುವ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಹಗಲಿಡೀ ಓಡುತ್ತವೆ. ಬೆಂಗಳೂರಿನವರಿಗೆ ಮಂಗಳೂರು ದಾರಿಯಾಗಿ ಬರುವ ಬೆಂಗಳೂರು–ಕಣ್ಣೂರು ರಾತ್ರಿ ರೈಲು ಅನುಕೂಲ. ಬೆಳಗಾಗುವಾಗ ಕರಾವಳಿ, ಆಮೇಲೆ ಕಾಸರಗೋಡು. ಟಿಕೆಟ್ ಮಾಡುವಾಗ ಒಂದು ಎಚ್ಚರ ಬೇಕು: ಯಶವಂತಪುರದಿಂದ ಸೇಲಂ ದಾರಿಯಾಗಿ ಕಣ್ಣೂರಿಗೆ ಬರುವ ಇನ್ನೊಂದು ರೈಲು ಅಲ್ಲಿಗೇ ನಿಲ್ಲುತ್ತದೆ, ಕಾಸರಗೋಡಿಗೆ ಬರುವುದಿಲ್ಲ. ಸುಳ್ಯದ ಕಡೆಯವರು ಜಾಲ್ಸೂರು, ಮುಳ್ಳೇರಿಯ, ಚೆರ್ಕಳ ಮೂಲಕ ಇಳಿಯಬಹುದು. ಪುತ್ತೂರಿನವರಿಗೆ ಬದಿಯಡ್ಕದ ದಾರಿ ಹತ್ತಿರ.

ಕಾಸರಗೋಡಿನಿಂದ ಬೇಕಲಕ್ಕೆ ಸುಮಾರು 16 ಕಿಲೋಮೀಟರ್. ಹೊಸಬರು ಎಡವುವುದು ಇಲ್ಲೇ. ಕಾಸರಗೋಡು–ಕಾಞಂಗಾಡು ಬಸ್ಸುಗಳಿಗೆ ಎರಡು ದಾರಿಗಳಿವೆ. ಒಂದು ರಾಷ್ಟ್ರೀಯ ಹೆದ್ದಾರಿಯಲ್ಲಿ ಚೆರ್ಕಳ, ಪೊಯಿನಾಚಿ, ಪೆರಿಯ ಸುತ್ತಿ ಹೋಗುತ್ತದೆ. ಅದು ಬೇಕಲದ ಹತ್ತಿರ ಸುಳಿಯುವುದೂ ಇಲ್ಲ. ಇನ್ನೊಂದು ಚಂದ್ರಗಿರಿ ಸೇತುವೆ ದಾಟಿ ಚೆಮ್ನಾಡು, ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು ಮೂಲಕ ಕಡಲ ಪಕ್ಕದಲ್ಲೇ ಸಾಗುತ್ತದೆ. ನಿಮಗೆ ಬೇಕಾದದ್ದು ಇದು. ಬೋರ್ಡು ಮಲಯಾಳದಲ್ಲಿದ್ದು ಓದಲಾಗದಿದ್ದರೆ ಕಂಡಕ್ಟರನ್ನು ‘ಚಂದ್ರಗಿರಿ ವಳಿಯಾಣೋ?’ ಎಂದು ಕೇಳಿ ಹತ್ತಿ. ಪೇಟೆಯಲ್ಲಿ, ಅಲ್ಲಿಂದ ಬಡಗಿಗೆ ಮಂಜೇಶ್ವರದವರೆಗೆ ಕನ್ನಡದಲ್ಲೇ ಕೇಳಬಹುದು. ಹೊಳೆ ದಾಟಿದ ಮೇಲೆ ಮಲಯಾಳವೇ ಹೆಚ್ಚು. ಆದರೂ ಕನ್ನಡ ಗೊತ್ತಿರುವವರು ಒಬ್ಬರಾದರೂ ಸಿಗುತ್ತಾರೆ, ಸಂಕೋಚ ಬೇಡ.

ಕೋಟೆಗೆ ಹತ್ತಿರದಲ್ಲೇ ‘ಬೇಕಲ ಫೋರ್ಟ್’ ಎಂಬ ಸಣ್ಣ ರೈಲು ನಿಲ್ದಾಣವಿದೆ. ಪ್ಯಾಸೆಂಜರ್ ರೈಲುಗಳಿಗೆ ಹೊಂದುವ ಹೊತ್ತಾದರೆ ಅದು ಎಲ್ಲಕ್ಕಿಂತ ಅಗ್ಗದ ದಾರಿ. ದೊಡ್ಡ ಗಾಡಿಗಳು ಕಾಸರಗೋಡು, ಕಾಞಂಗಾಡುಗಳಲ್ಲಿ ನಿಲ್ಲುತ್ತವೆ.

ಶನಿವಾರ ಬೆಳಗ್ಗೆ: ಕುಂಬಳೆ ಮತ್ತು ಅನಂತಪುರ

ಕುಂಬಳೆ ಕಾಸರಗೋಡಿಗಿಂತ ಸುಮಾರು 12 ಕಿಲೋಮೀಟರ್ ಮೊದಲೇ ಸಿಗುತ್ತದೆ. ಬಸ್ಸಿನಲ್ಲಿ ಬರುವವರು ಇಲ್ಲೇ ಇಳಿದುಕೊಳ್ಳಿ. ಹೆದ್ದಾರಿಯ ಮಗ್ಗುಲಲ್ಲೇ ಆರಿಕ್ಕಾಡಿ ಕೋಟೆಯ ಅಳಿದುಳಿದ ಗೋಡೆಗಳಿವೆ, ಆಂಜನೇಯನ ಗುಡಿ ಇದೆ. ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ತಪ್ಪಿಸಬೇಡಿ, ಯಾಕೆಂದರೆ ಈ ಎರಡು ದಿನದ ಸೂತ್ರ ಇಲ್ಲಿ ಸಿಗುತ್ತದೆ. ಹೊಳೆ ಕಡಲು ಸೇರುವ ಜಾಗ, ಅದರ ಪಕ್ಕ ಒಂದು ಎತ್ತರದ ಗುಡ್ಡೆ, ಗುಡ್ಡೆಯ ಮೇಲೆ ಮುರಕಲ್ಲಿನ ಕೋಟೆ, ಬಾಗಿಲಲ್ಲಿ ಹನುಮಂತ. ಕೆಳದಿಯವರು ತೆಂಕಿಗೆ ಹೋದಷ್ಟೂ ಇದನ್ನೇ ಮತ್ತೆ ಮತ್ತೆ ಮಾಡಿದ್ದಾರೆ. ಹೊಳೆಯ ಬಾಯಿಯನ್ನು ಹಿಡಿದವನ ಕೈಯಲ್ಲಿ ಕಾಳುಮೆಣಸು, ಅಕ್ಕಿಯ ಸಾಗಾಟವೂ ಇರುತ್ತಿತ್ತು.

ತೆಂಕುತಿಟ್ಟಿನ ಯಕ್ಷಗಾನಕ್ಕೆ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಊರೂ ಕುಂಬಳೆಯೇ. ಆಸಕ್ತಿ ಇದ್ದವರು ಪೇಟೆಯಲ್ಲಿರುವ ಕಣಿಪುರ ಗೋಪಾಲಕೃಷ್ಣ ದೇವಸ್ಥಾನಕ್ಕೂ ಹೋಗಿಬನ್ನಿ.

ಕುಂಬಳೆಯಿಂದ ರಿಕ್ಷಾದಲ್ಲಿ ಅನಂತಪುರಕ್ಕೆ ಹೋಗಿ, ಐದಾರು ಕಿಲೋಮೀಟರ್ ಅಷ್ಟೇ. ಬರುವ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ, ಅಲ್ಲಿ ರಿಕ್ಷಾ ಕಾದು ನಿಂತಿರುವುದಿಲ್ಲ. ಮುರಕಲ್ಲಿನ ಪಾರೆಯ ನಡುವೆ ಇಳಿದಿರುವ ಕೆರೆ, ಕೆರೆಯ ಮಧ್ಯೆ ಗುಡಿ, ದಡದಿಂದ ಗುಡಿಗೊಂದು ಕಾಲುದಾರಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಎಂಬುದು ನಂಬಿಕೆ. ಇಲ್ಲಿನ ಮೂಲ ಮೂರ್ತಿಗಳು ಕಲ್ಲಿನವಲ್ಲ, ಕಡುಶರ್ಕರ ಪಾಕ ಎಂಬ ಔಷಧೀಯ ಮಿಶ್ರಣದವು. ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ನೈವೇದ್ಯದ ಅನ್ನ ತಿಂದು ಬೆಳೆದ ಅದನ್ನು ನೋಡಲು ಸೇರಿದ ಜನ ನಮ್ಮ ಕಡೆಯ ಜಾತ್ರೆಗೂ ಸೇರುವುದು ಅಪರೂಪ. ಮರುವರ್ಷದ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನೀವು ಹೋದಾಗ ಅದು ಮೇಲೆ ಬರಬಹುದು, ಬಾರದೆಯೂ ಇರಬಹುದು. ಕಲ್ಲೆಸೆದು ಎಬ್ಬಿಸಲು ಹೋಗಬೇಡಿ, ಕೆರೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಮಧ್ಯಾಹ್ನದ ಪೂಜೆಯ ನಂತರ ಬಾಗಿಲು ಹಾಕುತ್ತಾರೆ, ಹನ್ನೊಂದರೊಳಗೆ ತಲುಪುವ ಹಾಗೆ ನೋಡಿಕೊಳ್ಳಿ. ಗಂಡಸರು ಒಂದು ಪಂಚೆಯನ್ನು ಚೀಲದಲ್ಲಿಟ್ಟುಕೊಂಡರೆ ದಾರಿಯ ಎಲ್ಲ ದೇವಸ್ಥಾನಗಳಿಗೂ ಆಗುತ್ತದೆ.

ಮಧ್ಯಾಹ್ನ: ಚಂದ್ರಗಿರಿ

ಕಾಸರಗೋಡಿನಲ್ಲಿ ಊಟ ಮುಗಿಸಿ. ಮೀನು ತಿನ್ನುವವರು ಕುಚ್ಚಲಕ್ಕಿ ಅನ್ನದ ಜೊತೆ ಬಂಗುಡೆಯನ್ನೋ ಬೂತಾಯಿಯನ್ನೋ ಕೇಳಿ. ಜೂನ್, ಜುಲೈಯ ಟ್ರಾಲಿಂಗ್ ನಿಷೇಧ ಮುಗಿದು ದೋಣಿಗಳು ದಿನಾ ಇಳಿಯುವ ಕಾಲವಾದ್ದರಿಂದ ಮೀನು ತಾಜಾ ಇರುತ್ತದೆ. ಸಸ್ಯಾಹಾರಿಗಳಿಗೆ ಪೇಟೆಯಲ್ಲೇ ಉಡುಪಿ ಕ್ರಮದ ಹೋಟೆಲುಗಳು ಸಿಗುತ್ತವೆ. ಬೇಕಲದ ಕಡೆ ಹೋದ ಮೇಲೆ ಆಯ್ಕೆ ಕಡಿಮೆ, ಹಾಗಾಗಿ ಅವರು ಇಲ್ಲೇ ಸರಿಯಾಗಿ ಉಣ್ಣುವುದು ಒಳ್ಳೆಯದು.

ಊಟದ ನಂತರ ಚಂದ್ರಗಿರಿ ದಾರಿಯ ಬಸ್ಸು ಹತ್ತಿ. ಸೇತುವೆಯ ಮೇಲೆ ಕಿಟಕಿಯಿಂದ ನೋಡಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದು, ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುವ ಹೊಳೆ ಇದು. ಬಹಳ ಹಿಂದಿನಿಂದ ತುಳುನಾಡಿನ ತೆಂಕಣ ಗಡಿ ಎಂದು ಹೆಸರಾದದ್ದು ಇದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಹೊಳೆಯ ಬಡಗಿನ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಶಿಫಾರಸು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಬಾಳಿಡೀ ಅದಕ್ಕಾಗಿ ದನಿ ಎತ್ತಿದರು. ಆದರೆ ಕೆಳದಿಯವರ ಕಾಲದಲ್ಲಿ ಈ ಹೊಳೆ ತಡೆಯಾಗಿರಲಿಲ್ಲ. ಅವರು ಇದನ್ನು ದಾಟಿ ಆಚೆ ದಡದಲ್ಲೇ ಕೋಟೆ ಕಟ್ಟಿದರು. ನೀವು ಈಗ ನೋಡಲಿರುವುದು ಅದನ್ನೇ.

ಪೇಟೆಯಿಂದ ನಾಲ್ಕೈದು ಕಿಲೋಮೀಟರಿಗೆ, ಹೊಳೆಯ ತೆಂಕಣ ದಂಡೆಯ ಗುಡ್ಡೆಯ ಮೇಲೆ ಚಂದ್ರಗಿರಿ ಕೋಟೆ ಇದೆ. ಸಣ್ಣದು, ಜೀರ್ಣವಾದದ್ದು, ಹೆಚ್ಚಾಗಿ ಖಾಲಿ. ನನಗೆ ಬಹಳ ಇಷ್ಟವಾದ ಜಾಗ. ಒಂದು ಕಡೆ ಹೊಳೆ, ಅದರ ಆಚೆ ಕಾಸರಗೋಡು ಪೇಟೆ, ಪಡುವಣಕ್ಕೆ ಅಳಿವೆ ಮತ್ತು ಕಡಲು, ನಡುವೆಲ್ಲ ತೆಂಗಿನ ತಲೆಗಳು. ದೋಣಿಯೊಂದು ಅಳಿವೆಯೊಳಗೆ ಬಂದರೆ ಇಲ್ಲಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ನಿಂತ ಕ್ಷಣಕ್ಕೆ ತಿಳಿಯುತ್ತದೆ. ಗೋಡೆಗಳ ಮೇಲೆ ಹತ್ತುವುದು ಬೇಡ. ಮಳೆಗಾಲದ ಪಾಚಿ ಅಕ್ಟೋಬರಿನಲ್ಲೂ ಪೂರ್ತಿ ಒಣಗಿರುವುದಿಲ್ಲ, ಕಲ್ಲುಗಳೂ ಅಲ್ಲಲ್ಲಿ ಸಡಿಲ. ಹುಲ್ಲು ಎತ್ತರವಿದ್ದ ಕಡೆ ಹಾವಿನ ಎಚ್ಚರವೂ ಇರಲಿ. ಮೂಡಣ ಕಪ್ಪಾಗಿದ್ದರೆ ಇದನ್ನು ಬಿಟ್ಟು ನೇರ ವಸತಿಗೆ ಹೋಗಿ.

ಶನಿವಾರ ಸಂಜೆ: ಪಳ್ಳಿಕ್ಕೆರೆಯ ಹೊಯಿಗೆ

ಚೀಲವನ್ನು ಕೋಣೆಯಲ್ಲಿಟ್ಟು ಐದು ಗಂಟೆಗೆ ಮೊದಲೇ ಪಳ್ಳಿಕ್ಕೆರೆ ಬೀಚಿಗೆ ಬನ್ನಿ. ಇದು ಕೋಟೆಯ ತೆಂಕು ಮಗ್ಗುಲಿಗಿದೆ. ಪ್ರವೇಶಕ್ಕೆ ಸಣ್ಣ ಟಿಕೆಟ್ ಇದೆ. ಬಾಗಿಲ ಬಳಿ ಅಂಗಡಿ, ಮಕ್ಕಳ ಆಟ, ಗದ್ದಲ. ಅಲ್ಲಿ ನಿಲ್ಲದೆ ನೀರಂಚು ಹಿಡಿದು ಕೋಟೆಯ ಕಡೆಗೆ ನಡೆಯಿರಿ. ಹತ್ತು ನಿಮಿಷ ನಡೆದರೆ ಜನ ತೆಳುವಾಗುತ್ತದೆ, ಕೋಟೆ ದೊಡ್ಡದಾಗುತ್ತ ಬರುತ್ತದೆ.

ಅಲ್ಲಿ ನಿಂತು ನಿಮ್ಮನ್ನು ನೀವು ಹಡಗಿನಲ್ಲಿ ಬಂದವರೆಂದು ಭಾವಿಸಿಕೊಳ್ಳಿ. ಎಲ್ಲಿ ಇಳಿಯುತ್ತೀರಿ? ಗೋಡೆಯ ಬುಡದಲ್ಲಿ ಬಂಡೆಗಳಿವೆ, ದೋಣಿ ಒಡೆಯುತ್ತದೆ. ಇಳಿಯಬಹುದಾದದ್ದು ಎರಡು ಬದಿಯ ಹೊಯಿಗೆಯಲ್ಲಿ. ಆ ಎರಡು ಬದಿಯ ಕಡೆಗೂ ಬುರುಜುಗಳು ಉಬ್ಬಿಕೊಂಡು ನಿಂತಿವೆ. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಿ, ನಾಳೆ ಒಳಗೆ ಹೋದಾಗ ಬೇಕಾಗುತ್ತದೆ.

ಅಕ್ಟೋಬರ್ ಕೊನೆಗೆ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿನಲ್ಲಿ. ಕೋಟೆಯ ಬಾಗಿಲು ಮುಚ್ಚುವ ಹೊತ್ತೂ ಹೆಚ್ಚು ಕಡಿಮೆ ಅದೇ. ಸೂರ್ಯಾಸ್ತವನ್ನು ಕೋಟೆಯ ಮೇಲಿಂದ ನೋಡುತ್ತೇವೆಂದು ಬಂದವರನ್ನು ಕಾವಲಿನವರು ಕೆಂಪೇರುವ ಮೊದಲೇ ಹೊರಗೆ ಕಳಿಸುವುದುಂಟು. ಹೊಯಿಗೆಯ ಮೇಲಿದ್ದರೆ ಆ ಅವಸರವಿಲ್ಲ, ಮುಳುಗುವ ಸೂರ್ಯನೊಂದಿಗೆ ಕೋಟೆಯೂ ಕಣ್ಣೆದುರಿಗಿರುತ್ತದೆ.

ನೀರಿಗಿಳಿಯುವ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಮೊಣಕಾಲಿನವರೆಗೆ ಸಾಕು. ಮಳೆಗಾಲದ ಅಲೆಗಳು ಕೊರೆದಿಟ್ಟ ಗುಂಡಿಗಳು ಶರತ್ಕಾಲದಲ್ಲಿ ಇನ್ನೂ ತುಂಬಿರುವುದಿಲ್ಲ, ಒಂದು ಹೆಜ್ಜೆಗೆ ಮೊಣಕಾಲಿದ್ದ ನೀರು ಮುಂದಿನ ಹೆಜ್ಜೆಗೆ ಎದೆಗೆ ಬರಬಹುದು. ಇನ್ನೊಂದು ವಿಷಯ, ಕಡಲು ಗೊತ್ತಿಲ್ಲದವರು ತಪ್ಪದೆ ಮೋಸಹೋಗುವಂಥದ್ದು. ಎರಡು ಬದಿ ಅಲೆ ಒಡೆದು ನೊರೆಯಾಗುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ ಶಾಂತವಾಗಿ ಕಂಡರೆ, ಅಲ್ಲಿ ಇಳಿಯುವುದೇ ಕ್ಷೇಮ ಅನ್ನಿಸುತ್ತದೆ. ದಡಕ್ಕೆ ಬಂದ ನೀರು ಮರಳಿ ಕಡಲಿಗೆ ಹರಿಯುವ ಓಣಿ ಅದೇ. ಅದರಲ್ಲಿ ಸಿಕ್ಕಿಕೊಂಡರೆ ದಡದ ಕಡೆಗೆ ಎದುರೀಜಬೇಡಿ, ಸುಸ್ತಾಗುತ್ತದೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಅಳಿವೆಗಳಲ್ಲಿ ಅಂತೂ ಕಾಲಿಡಲೇಬೇಡಿ. ಕೋಟೆಯ ಬುಡದ ಬಂಡೆಗಳ ಮೇಲೆ ಭರತದ ಹೊತ್ತಿಗೆ ಸೆಲ್ಫಿಗೆಂದು ಹೋಗುವ ಹುಡುಗರನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ನಿಮ್ಮ ಜೊತೆ ಅಂಥವರಿದ್ದರೆ ಕೈ ಹಿಡಿದು ನಿಲ್ಲಿಸಿ.

ಉಳಿದುಕೊಳ್ಳಲು ಬೇಕಲ, ಉದುಮ, ಪಾಲಕುನ್ನಿನ ಸುತ್ತ ಮನೆವಸತಿಗಳಿವೆ, ದೊಡ್ಡ ರೆಸಾರ್ಟುಗಳಿವೆ. ಕೈಗೆ ಎಟಕುವ ದರದ ಲಾಡ್ಜು ಬೇಕಾದರೆ ಕಾಞಂಗಾಡು ಪೇಟೆಗೆ ಹೋಗಿ, ಬೇಕಲದಿಂದ ಸುಮಾರು 12 ಕಿಲೋಮೀಟರ್. ತುಲಾ ಮಾಸದ ಹತ್ತರ ನಂತರ, ಅಂದರೆ ಅಕ್ಟೋಬರ್ ಕೊನೆಯಿಂದ, ನೀಲೇಶ್ವರದ ಕಡೆಯ ಕಾವುಗಳಲ್ಲಿ (ದೈವಗಳ ಬನಗಳಲ್ಲಿ) ತೈಯಂ, ಅಂದರೆ ಭೂತಕೋಲದಂಥ ದೈವನರ್ತನ, ಶುರುವಾಗುತ್ತದೆ. ರಾತ್ರಿ ಎಲ್ಲಾದರೂ ಇದೆಯೇ ಎಂದು ವಸತಿಯವರಲ್ಲಿ ವಿಚಾರಿಸಿ. ಇದ್ದರೆ ಹೋಗಿ, ಆದರೆ ಅದು ಆರಾಧನೆ ಎಂಬುದು ಮನಸ್ಸಿನಲ್ಲಿರಲಿ. ಕೇಳದೆ ಹತ್ತಿರ ಹೋಗಿ ಫ್ಲ್ಯಾಶ್ ಹೊಡೆಯಬೇಡಿ.

ಭಾನುವಾರ ಬೆಳಗ್ಗೆ: ಕೋಟೆಯ ಒಳಗೆ

ಬಾಗಿಲು ತೆರೆಯುವ ಹೊತ್ತಿಗೇ, ಎಂಟು ಗಂಟೆಗೆ, ಅಲ್ಲಿರಿ. ಹತ್ತೂವರೆಯ ಮೇಲೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಬಿಸಿಲೂ ಏರುತ್ತದೆ. ಒಳಗೆ ನೆರಳೆಂಬುದು ಹೆಚ್ಚಿಲ್ಲ. ನೀರು, ಟೊಪ್ಪಿ, ಹಿಡಿತವಿರುವ ಚಪ್ಪಲಿ ಬೇಕು. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ 25 ರೂಪಾಯಿ, 15 ವರ್ಷದವರೆಗಿನ ಮಕ್ಕಳಿಗೆ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯಬಹುದು. ಡ್ರೋನ್, ಟ್ರೈಪಾಡ್ ತರುವುದಾದರೆ ಮೊದಲೇ ಅನುಮತಿ ಬೇಕು.

ಒಳಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಧಾನಿಸಿ. ನೆಲದ ಕಡೆಗೆ ಒಣ ಕಂದಕವಿದೆ. ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಮುರಿದು ಮುರಿದು ತಿರುಗುತ್ತದೆ. ಓಡಿಬಂದವನು ಪ್ರತಿ ತಿರುವಿನಲ್ಲೂ ನಿಧಾನಿಸಲೇಬೇಕು, ಅಲ್ಲಿ ಮೇಲಿನಿಂದ ಅವನ ಮೇಲೆ ಕಣ್ಣಿರುತ್ತದೆ. ಬಾಗಿಲ ಬಳಿಯೇ ಮುಖ್ಯಪ್ರಾಣನ ಗುಡಿ, ಕುಂಬಳೆಯ ಕೋಟೆಯಲ್ಲಿ ಕಂಡ ಅದೇ ಹನುಮಂತ. ಕೋಟೆಯ ಹತ್ತಿರದ ಹಳೆಯ ಮಸೀದಿಯನ್ನು ಟಿಪ್ಪುವಿನ ಕಾಲದ್ದೆಂದು ಹೇಳುತ್ತಾರೆ.

ಇನ್ನು ಇತಿಹಾಸ. ಈ ಕೋಟೆಯನ್ನು ಈಗಿನ ರೂಪಕ್ಕೆ ತಂದವನು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ, ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅವನು ಆಳಿದ್ದು 1645ರಿಂದ 1660ರವರೆಗೆ, ಅಷ್ಟರಲ್ಲೇ ಕರಾವಳಿಯುದ್ದಕ್ಕೂ ಪೋರ್ಚುಗೀಸರನ್ನು ಹಿಮ್ಮೆಟ್ಟಿಸಿದ್ದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಬೇಕಲವೂ ಮೈಸೂರಿನ ಕೈಗೆ ಬಂತು. ಟಿಪ್ಪುವಿಗೆ ಮಲಬಾರಿನ ದಂಡಯಾತ್ರೆಗಳಲ್ಲಿ ಇದು ಮುಖ್ಯ ನೆಲೆ. 1799ರಲ್ಲಿ ಅವನು ಮಡಿದ ನಂತರ ಕಂಪನಿಯ ಆಡಳಿತ ಬಂತು. ಆಗ ತಾಲೂಕು ಕೇಂದ್ರವೂ ಬೇಕಲವೇ ಆಗಿತ್ತು, ಆಮೇಲೆ ಆ ಪಟ್ಟ ಕಾಸರಗೋಡಿಗೆ ಹೋಗಿ ಬೇಕಲ ಸಣ್ಣ ಊರಾಗಿ ಉಳಿಯಿತು. ಕೋಟೆಗಳ ಕಾವಲಿಗೆ ನಾಯಕರು ತಂದು ನೆಲೆಗೊಳಿಸಿದ ರಾಮಕ್ಷತ್ರಿಯರ ಮನೆತನಗಳು, ಊರವರ ಬಾಯಲ್ಲಿ ಕೋಟೆಯವರು, ಬೇಕಲ ಮತ್ತು ಹೊಸದುರ್ಗದ (ಕಾಞಂಗಾಡಿನ) ಸುತ್ತ ಇಂದಿಗೂ ಇವೆ. ಚಂದ್ರಗಿರಿಯ ತೆಂಕಿಗೆ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದವರಲ್ಲಿ ಅವರೂ ಸೇರಿದ್ದಾರೆ. ಕಲ್ಲಿನ ಗೋಡೆಗಿಂತ ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಸುಮಾರು 40 ಎಕರೆಯ ಈ ಕೋಟೆ ಕೇರಳದ ಅತಿ ದೊಡ್ಡದು. ಹೊಕ್ಕ ತಕ್ಷಣ ನಡುವಿನ ಕಾವಲು ಗೋಪುರದ ಕಡೆಗೆ ಎಲ್ಲರೂ ಓಡುತ್ತಾರೆ. ನೀವು ಹಾಗೆ ಮಾಡಬೇಡಿ. ಗೋಡೆ ಹಿಡಿದು ಒಂದು ಸುತ್ತು ಬನ್ನಿ, ಗೋಪುರ ಕೊನೆಗಿರಲಿ.

ಪಡುವಣ ಗೋಡೆಗೆ ಬಂದಾಗ ಗುಂಡಿಕ್ಕುವ ಕಂಡಿಗಳ ಮುಂದೆ ಕೂತುಕೊಳ್ಳಿ. ಬೇಕಲದ ಜೀವ ಇರುವುದು ಇಲ್ಲೇ. ಕಂಡಿಗಳು ಮೂರು ಬಗೆಯವು. ಮೇಲಿನವು ದೂರದ ಕಡಲಿಗೆ, ಹಡಗು ಇನ್ನೂ ಆಳದಲ್ಲಿರುವಾಗ. ನಡುವಿನವು ಹತ್ತಿರ ಬಂದವರಿಗೆ. ಕೆಳಗಿನವು ಕಡಿದಾಗಿ ಇಳಿದು ಗೋಡೆಯ ಬುಡವನ್ನೇ ತೋರಿಸುತ್ತವೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿ, ಎಲ್ಲಿ ಏನು ಕಾಣುತ್ತದೆ ಎಂದು ಮಕ್ಕಳನ್ನು ಕೇಳಿ. ನಿನ್ನೆ ಸಂಜೆ ನೀವು ನಿಂತಿದ್ದ ಹೊಯಿಗೆ ತೆಂಕಣ ಬುರುಜಿನ ಕಡೆಯಿಂದ ಪೂರ್ತಿ ಕಾಣುತ್ತದೆ. ಇಳಿಯಲು ಯೋಗ್ಯ ಎಂದು ನೀವು ಅಂದುಕೊಂಡ ಜಾಗ ಕಟ್ಟಿದವರ ಲೆಕ್ಕದಲ್ಲಿ ಆಗಲೇ ಇತ್ತು.

ಗೋಡೆಯ ಕಲ್ಲನ್ನು ಮುಟ್ಟಿ ನೋಡಿ. ಮುರಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಗುಡ್ಡೆಯೇ ಮುರಕಲ್ಲಿನದಾದರೆ ದೂರದಿಂದ ಹೊತ್ತು ತರುವ ಕೆಲಸವೂ ಉಳಿಯಿತು. ಇನ್ನೊಂದು ಲಾಭವೂ ಇದೆ: ಈ ಕಲ್ಲು ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೂರು ದಿಕ್ಕಿನಲ್ಲಿ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ನೆಲೆ ಇರುವುದು ಹೀಗೆ. ಮೆಟ್ಟಿಲಿಳಿದು ಹೋಗುವ ಕೊಳದ ಬಳಿ ನಿಂತಾಗ ಇದು ನೆನಪಿರಲಿ. ಮುತ್ತಿಗೆ ಹಾಕಿದರೆ ಮೊದಲು ಸೋಲುವುದು ಬಾಯಾರಿದ ಕೋಟೆ.

ಮದ್ದಿನ ಮನೆಯನ್ನು ಹುಡುಕಿ ನೋಡಿ, ದಪ್ಪ ಗೋಡೆಯ ಒಂಟಿ ಕಟ್ಟಡ. ತೆಂಕು ದಿಕ್ಕಿಗೆ ತೆರೆಯುವ ಸುರಂಗವೂ ಇದೆ. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ನಾಯಕರ ಕಾಲದ, ಟಿಪ್ಪುವಿನ ಕಾಲದ ಕಟ್ಟಡಗಳ ಪಾಯಗಳು ಹೊರಬಂದಿವೆ. ಹುಲ್ಲಿನ ನಡುವೆ ಚೌಕಚೌಕವಾಗಿ ಕಾಣುವ ಕಲ್ಲಿನ ಸಾಲುಗಳು ಅವು. ಅವುಗಳ ಮೇಲೆ ಕೂತು ಬುತ್ತಿ ಬಿಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗೋಡೆಯಲ್ಲಿ ಹೆಸರು ಕೆತ್ತಬೇಡಿ. ಮುರಕಲ್ಲಿಗೆ ಬಿದ್ದ ಗಾಯ ಮಾಯುವುದಿಲ್ಲ.

ಕೊನೆಗೆ ಗೋಪುರ. ಅದಕ್ಕೆ ಹತ್ತುವುದು ಅಗಲವಾದ ಇಳಿಜಾರಿನಲ್ಲಿ, ತೋಪನ್ನು ಎಳೆದೊಯ್ಯಬಹುದಾದಷ್ಟು ಅಗಲ. ವಯಸ್ಸಾದವರೂ ನಿಧಾನವಾಗಿ ಏರಬಹುದು. ಮೇಲಿಂದ ಕಾಞಂಗಾಡು, ಪಳ್ಳಿಕ್ಕೆರೆ, ಕೋಟಿಕುಳಂ, ಉದುಮದವರೆಗೆ ಕಣ್ಣು ಹರಿಯುತ್ತದೆ. ಸುತ್ತಿ ಬಂದ ಮೇಲೆ ಹತ್ತಿದರೆ ಕೋಟೆಯ ನಕ್ಷೆ ಕಾಲಿನ ಕೆಳಗೆ ಬಿಚ್ಚಿಕೊಳ್ಳುತ್ತದೆ. ಇಷ್ಟೆಲ್ಲಕ್ಕೆ ಎರಡೂವರೆ ಗಂಟೆ ಬೇಕು. ಗಾಲಿಕುರ್ಚಿಯವರಿಗೆ ನಡುವಿನ ದಾರಿ ಪರವಾಗಿಲ್ಲ, ಗೋಡೆಯ ಮೇಲಿನ ಸುತ್ತು ಆಗದು.

ಹಿಂತಿರುಗುವ ದಾರಿ

ಹೊರಬಂದು ಒಂದು ಸೀಯಾಳ ಕುಡಿದು ಬಡಗಿಗೆ ತಿರುಗಿ. ದಾರಿಯಲ್ಲೇ, ರಸ್ತೆಗೆ ಅಂಟಿಕೊಂಡು, ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನವಿದೆ. ಎದುರಿಗೇ ಕಡಲು. ಆಟಿ ಅಮಾವಾಸ್ಯೆಗೆ ಪಿತೃತರ್ಪಣಕ್ಕೆ ಜನ ಕಿಕ್ಕಿರಿಯುವ ಜಾಗ, ಶರತ್ಕಾಲದ ಭಾನುವಾರ ಶಾಂತವಾಗಿರುತ್ತದೆ. ಸಮಯ ಉಳಿದರೆ ಉದುಮದ ಹತ್ತಿರ ಕಾಪಿಲ್ ಬೀಚಿಗೆ ಇಳಿಯಿರಿ. ಒಂದು ಬದಿ ಹಿನ್ನೀರು, ಇನ್ನೊಂದು ಬದಿ ಕಡಲು, ನಡುವೆ ಹೊಯಿಗೆಯ ಪಟ್ಟಿ. ಅಂಗಡಿಗಳಿಲ್ಲ, ನೀರು ಜೊತೆಗಿರಲಿ, ಕಸ ಮರಳಿ ತನ್ನಿ.

ಮಂಗಳೂರು ಕಡೆಗೆ ಹೋಗುವವರು ಮಂಜೇಶ್ವರದಲ್ಲಿ ಇಳಿದು ರಾಷ್ಟ್ರಕವಿ ಗೋವಿಂದ ಪೈಗಳ ಮನೆ ನೋಡಬೇಕು ಎಂಬುದು ನನ್ನ ಆಗ್ರಹ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳು ಬದುಕಿನ ಬಹುಭಾಗ ಕಳೆದದ್ದು ಈ ಊರಿನಲ್ಲೇ. ಕನ್ನಡ ಕಾವ್ಯವನ್ನು ಆದಿಪ್ರಾಸದ ಕಟ್ಟಿನಿಂದ ಬಿಡಿಸಿದ ಧೈರ್ಯ ಅವರದು, ತುಳುನಾಡಿನ ಇತಿಹಾಸವನ್ನು ಶಾಸನ ಹಿಡಿದು ಹುಡುಕಿದ ದುಡಿಮೆಯೂ ಅವರದು. ಅವರ ಮನೆಯ ಆವರಣ ಈಗ ‘ಗಿಳಿವಿಂಡು’ ಎಂಬ ಸ್ಮಾರಕ. ಭಾನುವಾರ ತೆರೆದಿರುತ್ತದೆಯೇ ಎಂದು ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಿಕೊಳ್ಳಿ.

ಭಾನುವಾರ ಬೆಳಗ್ಗೆಯೇ ಮಳೆ ಹಿಡಿದರೆ ಕೋಟೆಯ ಸುತ್ತನ್ನು ಬಿಟ್ಟು ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋಗಿ, ಕಾಸರಗೋಡಿನಿಂದ ಸುಮಾರು 8 ಕಿಲೋಮೀಟರ್. ಮಧುವಾಹಿನಿ ಹೊಳೆಯ ದಂಡೆಯಲ್ಲಿ ಆನೆಯ ಬೆನ್ನಿನ ಆಕಾರದ ಮೂರು ಅಂತಸ್ತಿನ ಮಾಡು, ಒಳಗೆ ಮರದ ಕೆತ್ತನೆ, ಪ್ರಸಾದಕ್ಕೆ ಅಪ್ಪ. ಮಳೆ ಹನ್ನೊಂದಕ್ಕೆ ಬಿಟ್ಟರೂ ಬೇಕಲಕ್ಕೆ ಮರಳಲು ಹೊತ್ತಿರುತ್ತದೆ, ಆದರೆ ಒದ್ದೆ ಗೋಡೆಗಳ ಮೇಲೆ ಹತ್ತದೆ ನೆಲದಲ್ಲೇ ನಡೆಯಿರಿ. ಬೆಂಗಳೂರಿನ ರಾತ್ರಿ ರೈಲು ಕಣ್ಣೂರಿನಿಂದ ಬರುವಾಗ ಕಾಸರಗೋಡಿಗೆ ಸಂಜೆಯೇ ತಲುಪುತ್ತದೆ. ಕಾಸರಗೋಡಿನಲ್ಲಿ ಹತ್ತುವವರು ಗಿಳಿವಿಂಡನ್ನು ಶನಿವಾರ ಬೆಳಗ್ಗೆ ಕುಂಬಳೆಗೆ ಮೊದಲೇ ಸೇರಿಸಿಕೊಳ್ಳಿ. ಕಾರಿನವರು ಮೂರು ಗಂಟೆಯೊಳಗೆ ತಲಪಾಡಿ ದಾಟಿದರೆ ಭಾನುವಾರದ ಸಂಜೆಯ ದಟ್ಟಣೆಯಿಂದ ತಪ್ಪಿಸಿಕೊಳ್ಳಬಹುದು.